ಹಳೇ ಕಾರು ಎಕ್ಸ್‌ಚೇಂಜ್: ಶೋರೂಂನವರು ಹೇಳಿದ ಬೆಲೆಗೆ ಒಪ್ಪಬೇಕಾ, ಇನ್ನೂ ಎಳೆಯಬೇಕಾ?

ಎರಡನೇ ಗೇರು
ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷ ಓಡಿಸಿದ ಕಾರು ಕೊಟ್ಟು ಹೊಸದು ತೆಗೆದುಕೊಳ್ಳೋಣ ಅಂತ ಹೊರಟಿದ್ದೇನೆ. ಎರಡು ಶೋರೂಂ ಸುತ್ತಿ ಬಂದೆ. ತಲೆ ಕೆಟ್ಟು ಹೋಗಿದೆ.

ಮೊದಲನೇ ಕಡೆ ಒಬ್ಬರು ಬಂದು ಕಾರು ನೋಡಿದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಎಡಗಡೆ ಹಿಂದಿನ ಬಾಗಿಲು ತೆಗೆದು ಹಾಕಿದರು. ಮತ್ತೆ ತೆಗೆದು, ಕಿವಿ ಹತ್ತಿರ ತಂದು, ಮೆಲ್ಲಗೆ ಹಾಕಿದರು. ಬಂಪರ್ ಪಕ್ಕದ ಡೆಂಟ್ ಮೇಲೆ ಹೆಬ್ಬೆರಳು ಆಡಿಸಿ "ತ್ಚು" ಅಂದರು. ಅಷ್ಟೇ. ಬೆಲೆ ಇನ್ನೂ ಹೇಳಿರಲಿಲ್ಲ, ಆ "ತ್ಚು"ಗೇ ನನ್ನ ಧೈರ್ಯ ಅರ್ಧ ಇಳಿದಿತ್ತು.

ಲೆಕ್ಕ ಸುಲಭವಾಗಲಿ ಅಂತ ಹೊಸ ಕಾರಿನ ಬೆಲೆ 100 ಅಂತ ಇಟ್ಟುಕೊಳ್ಳಿ. ಮೊದಲನೆಯವರು ನನ್ನ ಹಳೇ ಕಾರಿಗೆ 22 ಅಂದರು, ಹೊಸದರ ಮೇಲೆ 6 ರಿಯಾಯಿತಿ. ಎರಡನೆಯವರು 28 ಅಂದರು. ನಾನು ಖುಷಿಯಿಂದ ಕುಣಿದುಬಿಟ್ಟೆ. ಬೇರೆಯವರಿಗಿಂತ 6 ಜಾಸ್ತಿ ಅಲ್ವಾ! ಎರಡನೇ ಕಡೆಯೇ ಬುಕ್ಕಿಂಗ್ ಮಾಡಲಾ? ಅಥವಾ ಇನ್ನೂ ಚೌಕಾಸಿ ಮಾಡಬಹುದಾ? ನನಗೆ ಚೌಕಾಸಿ ಅಂದರೆ ನಾಲಿಗೆ ಒಣಗುತ್ತದೆ.

ಸ್ಟೆಪ್ನಿ
ಎರಡನೆಯವರು ಹೊಸ ಕಾರಿಗೆ ಎಷ್ಟು ರಿಯಾಯಿತಿ ಕೊಟ್ಟರು? ಅದನ್ನೇ ಬರೆದಿಲ್ಲ ನೀವು.

ಎರಡನೇ ಗೇರು
ಏನೂ ಇಲ್ಲ. "ಹಳೇದಕ್ಕೇ ಅಷ್ಟು ಕೊಟ್ಟಿದ್ದೇವಲ್ಲ ಸಾರ್" ಅಂದರು.

ಸ್ಟೆಪ್ನಿ
100ರಲ್ಲಿ 6 ಹೋಗಿ, 22 ಹೋದರೆ 72. 100ರಲ್ಲಿ 28 ಹೋದರೂ 72. ಅಳಿಯ ಅಲ್ಲ, ಮಗಳ ಗಂಡ. ಕುಣಿದದ್ದು ವೇಸ್ಟ್.

ಎರಡನೇ ಗೇರು
ಅಯ್ಯೋ.

ಕರಿ ಬಾನೆಟ್
ಇದೇ ಇವರ ಹಳೇ ಆಟ. ಒಂದು ಹಾಳೆ ತೆಗೆದು ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಎಳೆಯುತ್ತಾರೆ. ನಾಲ್ಕು ಮನೆ ಆಯಿತು. ಒಂದರಲ್ಲಿ ಹೊಸ ಕಾರಿನ ಬೆಲೆ, ಒಂದರಲ್ಲಿ ಹಳೇ ಕಾರಿನ ಬೆಲೆ, ಇನ್ನೊಂದರಲ್ಲಿ ಮೊದಲು ಕೊಡುವ ಹಣ, ಕೊನೆಯದರಲ್ಲಿ ತಿಂಗಳ ಕಂತು. ನೀವು ಒಂದು ಮನೆ ಹಿಡಿದು ಜಗ್ಗಿದರೆ ಇನ್ನೊಂದು ಮನೆಯಲ್ಲಿ ಸದ್ದಿಲ್ಲದೆ ಏರಿಸುತ್ತಾರೆ. ಹಳೇದಕ್ಕೆ 3 ಜಾಸ್ತಿ ಕೇಳಿದಿರಾ? ತಗೊಳ್ಳಿ ಸಾರ್, ನಿಮಗೋಸ್ಕರ. ಆ ಕಡೆ ಕಂತು ಒಂದು ವರ್ಷ ಉದ್ದ ಆಗಿರುತ್ತದೆ. ಕಂತು ಕಮ್ಮಿ ಆಯಿತು ಅಂತ ನಾವು ಕೈ ಕುಲುಕಿ ಬರುತ್ತೇವೆ.

ಅದಕ್ಕೇ ಮೂರನ್ನೂ ಬೇರೆ ಬೇರೆ ಮಾಡಬೇಕು. ಹೊಸ ಕಾರಿನ ಬೆಲೆ ಮೊದಲು ಗಟ್ಟಿ ಮಾಡಿಕೊಳ್ಳಿ. ಅಲ್ಲಿಯವರೆಗೆ ಹಳೇ ಕಾರು ಇದೆ ಅಂತಲೇ ಬಾಯಿ ಬಿಡಬೇಡಿ. ಆಮೇಲೆ ಹಳೇದು. ಲೋನ್ ಕೊನೆಗೆ.

ಮಳೆ ವೈಪರ್
ಈ "ಬಾಯಿ ಬಿಡಬೇಡಿ" ಉಪದೇಶ ಎಲ್ಲರೂ ಕೊಡುತ್ತಾರೆ. ಶೋರೂಂ ಮುಂದೆ ಹಳೇ ಕಾರಲ್ಲೇ ಹೋಗಿ ಇಳಿಯುತ್ತೀರಿ, ಅವರು ಗಾಜಿನ ಒಳಗಿಂದ ನೋಡಿರುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ಎರಡನೇ ಪ್ರಶ್ನೆಯೇ "ಎಕ್ಸ್‌ಚೇಂಜ್ ಇದೆಯಾ ಸಾರ್". ಇಲ್ಲ ಅಂತ ಸುಳ್ಳು ಹೇಳಿ ಆಮೇಲೆ ಇದೆ ಅಂದರೆ ಅವರು ಹೊಸದರ ರಿಯಾಯಿತಿ ವಾಪಸ್ ತೆಗೆಯುತ್ತಾರೆ. ನನಗೆ ಹಾಗೇ ಆಗಿದೆ.

ನನ್ನ ಪ್ರಕಾರ ಬೇರೆ ಬೇರೆ ಮಾಡುವುದೂ ಬೇಡ, ಒಟ್ಟಿಗೆ ಮಾಡುವುದೂ ಬೇಡ. ಒಂದೇ ಪ್ರಶ್ನೆ ಕೇಳಿ: "ನನ್ನ ಕಾರು ಬಿಟ್ಟು, ನಿಮ್ಮ ಕಾರು ತೆಗೆದುಕೊಂಡು ಹೋಗಲು ನಾನು ಕೊಡಬೇಕಾದದ್ದು ಒಟ್ಟು ಎಷ್ಟು?" ಆ ಒಂದು ಅಂಕಿ ಹಿಡಿದು ನಾಲ್ಕು ಕಡೆ ಹೋಲಿಸಿ ನೋಡಿ. ಹಳೇದಕ್ಕೆ 10 ಕೊಡಲಿ, 40 ಕೊಡಲಿ, ನನಗೇನು.

ಕರಿ ಬಾನೆಟ್
ಹೋಲಿಸಲು ಅದು ಸರಿ. ಜಗ್ಗಲು ಸರಿ ಇಲ್ಲ. ಒಟ್ಟು ಅಂಕಿ ಮಾತ್ರ ನೋಡಿದರೆ ಹಳೇದಕ್ಕೆ ಮೋಸ ಆಗಿದೆಯಾ, ಹೊಸದಕ್ಕೆ ಆಗಿದೆಯಾ ಅಂತ ಗೊತ್ತಾಗುವುದು ಹೇಗೆ? ಯಾವ ಕಡೆ ಜಗ್ಗುತ್ತೀರಿ?

ಮಳೆ ವೈಪರ್
ಮೋಸ ಎಲ್ಲಿ ಆಗಿದೆ ಅಂತ ತಿಳಿದು ಏನು ಮಾಡಲಿ, ಪೂಜೆ ಮಾಡಲಾ? ಒಟ್ಟು ಕಮ್ಮಿ ಆದರೆ ಸಾಕು.

ಟ್ಯಾಂಕ್ ಫುಲ್
ಇಬ್ಬರೂ ಒಂದೇ ಮಾತು ಹೇಳುತ್ತಾ ಜಗಳ ಆಡುತ್ತಿದ್ದೀರಿ ಅನ್ನಿಸುತ್ತಿದೆ ನನಗೆ.

ಇನ್ನೊಂದು ವಿಷಯ. ಕೆಲವು ಕಡೆ ಎಕ್ಸ್‌ಚೇಂಜ್ ಮಾಡಿದರೆ ಹೊಸ ಕಾರಿನ ತೆರಿಗೆಯನ್ನು ವ್ಯತ್ಯಾಸದ ಮೊತ್ತದ ಮೇಲೆ ಮಾತ್ರ ಹಾಕುತ್ತಾರೆ. ಕೆಲವು ಕಡೆ ಪೂರ್ತಿ ಬೆಲೆಯ ಮೇಲೆ ಹಾಕುತ್ತಾರೆ. ನಿಮ್ಮಲ್ಲಿ ಯಾವುದು ಅಂತ ಮೊದಲು ನೋಡಿಕೊಳ್ಳಿ. ಮೊದಲನೇ ತರಹ ಇದ್ದರೆ ಹೊರಗೆ ಸ್ವಲ್ಪ ಜಾಸ್ತಿಗೆ ಮಾರಿದರೂ ಲಾಭ ಇರುವುದಿಲ್ಲ.

ಹಳೇ ಮೆಕ್ಯಾನಿಕ್
ನಾನು ಹನ್ನೊಂದು ವರ್ಷ ಇದೇ ಕೆಲಸ ಮಾಡಿದವನು. ಕಾರು ನೋಡಿ ಬೆಲೆ ಕಟ್ಟುವ ಕೆಲಸ. ಈಗ ಬಿಟ್ಟಿದ್ದೇನೆ, ಆದ್ದರಿಂದ ಧಾರಾಳವಾಗಿ ಹೇಳಬಹುದು. ಬೈಯುವವರು ಬೈಯಿರಿ.

ಮೊದಲು ಆ "ತ್ಚು" ಬಗ್ಗೆ. ಅದು ಕೆಲಸದ ಭಾಗ. ಬಾಗಿಲು ಎರಡು ಸಲ ಹಾಕುವುದು ಸುಮ್ನೆ ಅಲ್ಲ, ಬಡಿದು ಕೂರಿಸಿದ ಬಾಗಿಲಾದರೆ ಸದ್ದು ಬೇರೆ ಬರುತ್ತದೆ. ಆದರೆ ಡೆಂಟ್ ಮೇಲೆ ಹೆಬ್ಬೆರಳು ಆಡಿಸಿದ್ದು ಮಾತ್ರ ನಿಮಗೆ ತೋರಿಸಲು. ಡೆಂಟ್ ಕಣ್ಣಿಗೆ ಕಾಣುತ್ತದೆ, ಮುಟ್ಟಿ ನೋಡುವ ಅಗತ್ಯ ಏನಿದೆ? ಮುಟ್ಟಿದರೆ ಮಾಲೀಕನ ಮುಖ ಸಣ್ಣದಾಗುತ್ತದೆ. ಏನೂ ಮಾತಾಡದೆ ಮುಟ್ಟಿದರೆ ಇನ್ನೂ ಸಣ್ಣದಾಗುತ್ತದೆ.

ಬೆಲೆ ಕಟ್ಟುವುದು ಹಿಂದಿನಿಂದ ಮುಂದಕ್ಕೆ. ಈ ಕಾರನ್ನು ನಾವು ಎಷ್ಟಕ್ಕೆ ಮಾರಬಹುದು? ಅದರಲ್ಲಿ ರಿಪೇರಿ, ಪಾಲಿಶ್, ಟೈರ್ ಖರ್ಚು ಕಳೆ. ಅಂಗಳದಲ್ಲಿ ಎಷ್ಟು ದಿನ ನಿಲ್ಲುತ್ತದೋ ಅಷ್ಟು ದಿನದ ಬಡ್ಡಿ ಕಳೆ. ಗ್ಯಾರಂಟಿ ಕೊಟ್ಟರೆ ಅದಕ್ಕೆ ಒಂದಿಷ್ಟು ಕಳೆ. ನಮ್ಮ ಲಾಭ ಕಳೆ. ಉಳಿದದ್ದು ನಿಮ್ಮ ಬೆಲೆ. ಅದರಲ್ಲೂ ಸ್ವಲ್ಪ ಇಳಿಸಿ ಮೊದಲು ಹೇಳುತ್ತೇವೆ, ಏಕೆಂದರೆ ನೀವು ಕೇಳೇ ಕೇಳುತ್ತೀರಿ. ಕೇಳದೆ ಹೋದವರನ್ನೂ ನೋಡಿದ್ದೇನೆ. ಅವರಿಗೆ ನಾವು ತುಂಬಾ ಗೌರವ ಕೊಡುತ್ತಿದ್ದೆವು.

ನಿಮ್ಮ ಕಾರು ನಮ್ಮ ಅಂಗಳದಲ್ಲಿ ಮಾರುವಂಥದ್ದಲ್ಲ ಅಂದರೆ ಲೆಕ್ಕವೇ ಬೇರೆ. ಫೋಟೋ ತೆಗೆದು ನಾಲ್ಕು ವ್ಯಾಪಾರಿಗಳಿಗೆ ಕಳಿಸುತ್ತೇವೆ. ಯಾರು ಜಾಸ್ತಿ ಹೇಳಿದರೋ ಅದರಲ್ಲಿ ಒಂದಿಷ್ಟು ಇಟ್ಟುಕೊಂಡು ನಿಮಗೆ ಹೇಳುತ್ತೇವೆ. "ಮ್ಯಾನೇಜರ್ ಹತ್ತಿರ ಕೇಳಿ ಬರುತ್ತೇನೆ" ಅಂತ ಒಳಗೆ ಹೋಗಿ ಇಪ್ಪತ್ತು ನಿಮಿಷ ಬರುವುದಿಲ್ಲವಲ್ಲ, ಅರ್ಧ ಸಲ ಅದೇ ನಡೆಯುತ್ತಿರುತ್ತದೆ. ಇನ್ನರ್ಧ ಸಲ ಒಳಗೆ ಸುಮ್ನೆ ಕೂತಿರುತ್ತೇವೆ.

ಸ್ಟೆಪ್ನಿ
"ಇನ್ನರ್ಧ ಸಲ ಸುಮ್ನೆ ಕೂತಿರುತ್ತೇವೆ" 😂 ನಾನು ಅಲ್ಲಿ ಎಷ್ಟು ಹಳೇ ವಾರಪತ್ರಿಕೆ ಓದಿದ್ದೇನೆ ಗೊತ್ತಾ.

ಎರಡನೇ ಗೇರು
ಮೆಕ್ಯಾನಿಕ್ ಅವರೇ, ಹಾಗಾದರೆ ಡೆಂಟ್ ತೆಗೆಸಿ ಪೇಂಟ್ ಮಾಡಿಸಿಕೊಂಡು ಹೋಗಲಾ?

ಹಳೇ ಮೆಕ್ಯಾನಿಕ್
ಬೇಡವೇ ಬೇಡ. ಎರಡು ಕಾರಣ. ನಿಮಗೆ ಹೊರಗಿನ ರೇಟಿನಲ್ಲಿ ಆಗುವ ಖರ್ಚು ನಮಗೆ ಆಗುವುದಿಲ್ಲ, ಆದ್ದರಿಂದ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ಎರಡನೆಯದು, ಹೊಸ ಪೇಂಟ್ ನೋಡಿದ ಕೂಡಲೇ ನಮಗೆ ಅನುಮಾನ. ಪೇಂಟ್ ದಪ್ಪ ಅಳೆಯುವ ಸಣ್ಣ ಮೀಟರ್ ಇರುತ್ತದೆ. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು. ಬಾಗಿಲು ಒಂದರಲ್ಲಿ ಮಾತ್ರ 400 ಬಂದರೆ ಒಳಗೆ ಪುಟ್ಟಿ ಇದೆ ಅಂತ ಅರ್ಥ. ನೀವು ತೆಗೆಸಿದ್ದು ಸಣ್ಣ ಡೆಂಟ್ ಇರಬಹುದು, ನಾವು ದೊಡ್ಡ ಆಕ್ಸಿಡೆಂಟ್ ಅಂದುಕೊಳ್ಳುತ್ತೇವೆ. ಕಾಣುವ ಡೆಂಟ್ ವಾಸಿ.

ತೊಳೆಸಿ, ಒಳಗೆ ಚೆನ್ನಾಗಿ ಗುಡಿಸಿ, ವಾಸನೆ ಇದ್ದರೆ ಹೋಗಿಸಿ. ಉರಿಯದ ಬಲ್ಬ್ ಬದಲಿಸಿ. ಎರಡನೇ ಕೀಲಿ ಹುಡುಕಿ ಇಟ್ಟುಕೊಳ್ಳಿ, ಕೀಲಿ ಇಲ್ಲ ಅಂತ ಬೆಲೆ ಕಡಿಯುವುದು ನಮಗೆ ತುಂಬಾ ಸುಲಭ. ಸರ್ವಿಸ್ ಬಿಲ್ ಎಲ್ಲ ಒಂದು ಫೈಲಿನಲ್ಲಿ ಹಾಕಿ. ಅದಕ್ಕಿಂತ ಜಾಸ್ತಿ ಖರ್ಚು ಮಾಡಬೇಡಿ.

ಪಂಕ್ಚರ್ ಪ್ರವೀಣ
ಟೈರ್?

ಹಳೇ ಮೆಕ್ಯಾನಿಕ್
ಹೊಸ ಟೈರ್ ಹಾಕಿಸಬೇಡಿ, ದುಡ್ಡು ದಂಡ. ಆದರೆ ಇರುವ ಟೈರ್ ಎಷ್ಟು ಉಳಿದಿದೆ ಅಂತ ನಿಮಗೆ ಗೊತ್ತಿರಲಿ. ಟೈರಿನ ಮೇಲಿನ ತೋಡುಗಳ ಒಳಗೆ ಸಣ್ಣ ಏಣು ಇರುತ್ತದೆ, 1.6 ಮಿ.ಮೀ. ಎತ್ತರ. ರಬ್ಬರ್ ಸವೆದು ಅದರ ಸಮಕ್ಕೆ ಬಂದರೆ ಟೈರ್ ಮುಗಿಯಿತು. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಅಂತ ಇದ್ದರೆ 2019ರ 23ನೇ ವಾರ ಮಾಡಿದ್ದು. "ನಾಲ್ಕೂ ಟೈರ್ ಹೋಗಿದೆ ಸಾರ್" ಅಂದಾಗ ಬಗ್ಗಿ ತೋರಿಸಿ ಕೇಳಿ, ಎಲ್ಲಿ ಹೋಗಿದೆ ಅಂತ. ಹೀಗೆ ಕೇಳಿದವರ ಹತ್ತಿರ ನಾವು ಮಾತು ಬದಲಿಸುತ್ತಿದ್ದೆವು.

ಪಂಕ್ಚರ್ ಪ್ರವೀಣ
ತೋಡು ಅಲ್ಲ ಸಾರ್, ಗೆರೆ. ಇಲ್ಲಾ ಸಂದು ಅನ್ನಿ.

ಹಳೇ ಮೆಕ್ಯಾನಿಕ್
ನಾವು ಬಟನ್ ಅಂತಿದ್ದೆವು. ಬಟನ್ ಮಧ್ಯದ ಸಂದು. ಸಾಕಾ?

ಅರ್ಧ ಕ್ಲಚ್
ಇಲ್ಲಿ ಯಾರೂ ಹೇಳದ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಾರಿಗೆ ನಾವೇ ಜಾಸ್ತಿ ಬೆಲೆ ಕಟ್ಟಿಕೊಂಡಿರುತ್ತೇವೆ. ಹೆತ್ತವರಿಗೆ ಹೆಗ್ಗಣ ಮುದ್ದು. ನಾನು ನನ್ನ ಹಳೇ ಕಾರಿಗೆ ಹೊಸ ಸ್ಟೀರಿಯೋ, ಸೀಟ್ ಕವರ್, ಮಂಜಿನ ದೀಪ ಎಲ್ಲ ಹಾಕಿಸಿದ್ದೆ. ಪಟ್ಟಿ ಮಾಡಿಕೊಂಡು ಹೋಗಿ ಓದಿ ಹೇಳಿದೆ. ಆತ ಪೂರ್ತಿ ಕೇಳಿ, "ಸ್ಟೀರಿಯೋ ಬೇಕಾದರೆ ಬಿಚ್ಚಿಕೊಳ್ಳಿ ಸಾರ್, ಬೆಲೆ ಅದೇ" ಅಂದ. ಆ ಮೇಲೆ ಮನೆಗೆ ಬಂದು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ ನಾನು.

ಟ್ಯಾಂಕ್ ಫುಲ್
ಬಿಚ್ಚಿಕೊಂಡಿರಾ?

ಅರ್ಧ ಕ್ಲಚ್
ಬಿಚ್ಚಿಕೊಂಡೆ. ಹೊಸ ಕಾರಿಗೆ ಕೂರಲಿಲ್ಲ. ಅಟ್ಟದ ಮೇಲಿದೆ.

ಪುಸ್ತಕದ ಹುಳ
ಬೆಲೆ ಯಾರು ಮೊದಲು ಹೇಳಬೇಕು ಅನ್ನುವುದರ ಬಗ್ಗೆ ಒಂದು ಒಳ್ಳೇ ಪ್ರಯೋಗ ಇದೆ. ಜರ್ಮನಿಯದ್ದು, 2000ರಲ್ಲಿ ಪ್ರಕಟವಾಯಿತು. ಹಳೇ ಒಪೆಲ್ ಕಾಡೆಟ್ ಕಾರೊಂದನ್ನು ಮೆಕ್ಯಾನಿಕ್‌ಗಳು, ಕಾರು ಮಾರುವವರ ಹತ್ತಿರ ತೆಗೆದುಕೊಂಡು ಹೋಗಿ ಬೆಲೆ ಕೇಳಿದರು. ಕೇಳುವಾಗ ಕೆಲವರಿಗೆ "2,800 ಮಾರ್ಕ್ ಇರಬಹುದು ಅನ್ನಿಸುತ್ತದೆ" ಅಂದರು (ಮಾರ್ಕ್ ಅಂದರೆ ಆಗಿನ ಜರ್ಮನಿಯ ಹಣ), ಕೆಲವರಿಗೆ "5,000 ಮಾರ್ಕ್" ಅಂದರು. ಕಾರು ಅದೇ, ಕಣ್ಣ ಮುಂದೆ ನಿಂತಿದೆ, ನೋಡುವವರು ಪಳಗಿದವರು. ಆದರೂ 5,000 ಕೇಳಿಸಿಕೊಂಡವರು ಜಾಸ್ತಿ ಬೆಲೆ ಕಟ್ಟಿದರು, 2,800 ಕೇಳಿಸಿಕೊಂಡವರು ಕಮ್ಮಿ. ಮೊದಲು ಕಿವಿಗೆ ಬಿದ್ದ ಅಂಕಿಗೇ ಮನಸ್ಸು ಕಟ್ಟು ಬೀಳುತ್ತದೆ.

ಚೆಂದ ಇರುವುದು ಎರಡನೇ ಭಾಗ. "ಆ ಬೆಲೆ ಯಾಕೆ ತಪ್ಪಿರಬಹುದು, ಕಾರಣ ಹೇಳಿ" ಅಂತ ಕೇಳಿದ ಮೇಲೆ ಈ ಪರಿಣಾಮ ಇಳಿದುಹೋಯಿತು. ಅಂದರೆ ಶೋರೂಂನವರು 22 ಅಂದ ತಕ್ಷಣ 22ರಿಂದ ಮೇಲೆ ಎಷ್ಟು ಅಂತ ಯೋಚಿಸಬೇಡಿ. 22 ಯಾಕೆ ತಪ್ಪು ಅಂತ ಯೋಚಿಸಿ. ನಿಮ್ಮ ಫೈಲಿನಲ್ಲಿ ಕಾರಣ ಇರಲಿ.

ಮಳೆ ವೈಪರ್
ಹಾಗಾದರೆ ನಾವೇ ಮೊದಲು 50 ಅಂದುಬಿಡುವುದಾ?

ಪುಸ್ತಕದ ಹುಳ
50 ಅಂದರೆ ನಗುತ್ತಾರೆ, ಅಲ್ಲಿಗೆ ಮುಗಿಯಿತು. ಹೊರಗೆ ಯಾರಾದರೂ ಬರೆದು ಕೊಟ್ಟ ಅಂಕಿ ಇದ್ದರೆ ಅದನ್ನು ಮೊದಲು ಹೇಳಿ.

ಹಳೇ ಮೆಕ್ಯಾನಿಕ್
ಹೌದು, ಬೇರೆ ಕಡೆಯ ಆಫರ್ ಕಾಗದ ತಂದವರ ಹತ್ತಿರ ನಾವು ನಾಟಕ ಆಡುತ್ತಿರಲಿಲ್ಲ. ಬಾಯಲ್ಲಿ "ಅಲ್ಲಿ 30 ಹೇಳಿದ್ದಾರೆ" ಅಂದವರಿಗೆ "ಅಲ್ಲೇ ಕೊಡಿ ಸಾರ್, ಒಳ್ಳೇ ಬೆಲೆ" ಅಂತಿದ್ದೆವು. ಹತ್ತರಲ್ಲಿ ಒಂಬತ್ತು ಜನ ಹೋಗುತ್ತಿರಲಿಲ್ಲ.

ನೀಲಿ ಹ್ಯಾಚ್‌ಬ್ಯಾಕ್
ನಾನು ಹೆಂಗಸು, ಹದಿನಾಲ್ಕು ವರ್ಷದಿಂದ ಓಡಿಸುತ್ತಿದ್ದೇನೆ. ಕಳೆದ ಸಲ ಎಕ್ಸ್‌ಚೇಂಜ್‌ಗೆ ಹೋದಾಗ ಜೊತೆಗೆ ತಮ್ಮ ಬಂದಿದ್ದ. ಅವನಿಗೆ ಗೇರ್ ಹಾಕಲೂ ಬರುವುದಿಲ್ಲ. ಆದರೆ ಬೆಲೆ ಮಾತೆಲ್ಲ ಅವನ ಮುಖ ನೋಡಿಕೊಂಡೇ. ನನಗೆ ಬಣ್ಣದ ಪುಸ್ತಕ ಕೊಟ್ಟರು. ಎಂಜಿನ್ ಬಗ್ಗೆ ನಾನು ಕೇಳಿದ ಪ್ರಶ್ನೆಗೆ ಉತ್ತರ ಅವನಿಗೆ ಹೇಳಿದರು. ಪಾಪ, ಅವನು ನನಗೆ ಅನುವಾದ ಮಾಡಿದ ಹಾಗೆ ತಲೆ ಆಡಿಸುತ್ತಿದ್ದ.

ಬೆಲೆಯಲ್ಲೂ ವ್ಯತ್ಯಾಸ ಮಾಡುತ್ತಾರೆ ಅಂತ ನನ್ನ ಗಟ್ಟಿ ನಂಬಿಕೆ.

ಪುಸ್ತಕದ ಹುಳ
ನಂಬಿಕೆ ಮಾತ್ರ ಅಲ್ಲ ಅಕ್ಕ. ಅಮೆರಿಕದ ಶಿಕಾಗೋದಲ್ಲಿ ಒಂದೇ ತರಹ ಮಾತಾಡಲು ತರಬೇತಿ ಕೊಟ್ಟ ಗಂಡಸರು, ಹೆಂಗಸರು, ಬಿಳಿಯರು, ಕರಿಯರನ್ನು ಕಾರು ಶೋರೂಂಗಳಿಗೆ ಕಳಿಸಿ ನೋಡಿದ್ದರು, 300ಕ್ಕೂ ಜಾಸ್ತಿ ಸಲ. 1995ರಲ್ಲಿ ಫಲಿತಾಂಶ ಬಂತು. ಬಿಳಿ ಗಂಡಸರಿಗೆ ಹೇಳಿದ ಬೆಲೆ ಉಳಿದವರಿಗಿಂತ ಕಮ್ಮಿ ಇತ್ತು.

ಅರ್ಧ ಕ್ಲಚ್
ಅದರ ಮುಂದಿನ ವರ್ಷವೇ ಬೇರೊಂದು ಅಧ್ಯಯನ ಬಂದು, ನಿಜವಾಗಿ ಕೊಂಡವರು ಕೊಟ್ಟ ಬೆಲೆಯಲ್ಲಿ ಅಂಥ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ ಅಂದಿತ್ತು. ಅದನ್ನೂ ಹೇಳಿ.

ನೀಲಿ ಹ್ಯಾಚ್‌ಬ್ಯಾಕ್
ಕೊನೆಗೆ ಕೊಟ್ಟ ಬೆಲೆ ಒಂದೇ ಇರಬಹುದು. ಅಲ್ಲಿಗೆ ತಲುಪಲು ಯಾರು ಎಷ್ಟು ಹೊತ್ತು ಕೂಗಾಡಬೇಕಾಯಿತು ಅಂತ ಅಧ್ಯಯನದಲ್ಲಿ ಬರೆದಿದ್ದಾರಾ?

ಅರ್ಧ ಕ್ಲಚ್
ಅದು ಸರಿ. ಸೋತೆ.

ಕರಿ ಬಾನೆಟ್
ಮೀಟರ್ ಬಗ್ಗೆ ಒಂದು ಮಾತು. ಎರಡನೇ ಗೇರು ಅವರೇ, ನಿಮ್ಮದು ಎಷ್ಟು ಓಡಿದೆ?

ಎರಡನೇ ಗೇರು
79,200 ಕಿ.ಮೀ.

ಕರಿ ಬಾನೆಟ್
ಹಾಗಾದರೆ ಬೇಗ ಕೊಡಿ! 80,000 ದಾಟಿಸಬೇಡಿ. 79 ಸಾವಿರ ಅನ್ನುವುದಕ್ಕೂ 80 ಸಾವಿರ ಅನ್ನುವುದಕ್ಕೂ ಕಿವಿಗೆ ಎಷ್ಟು ವ್ಯತ್ಯಾಸ ನೋಡಿ.

ಮಳೆ ವೈಪರ್
ಇದೆಲ್ಲ ಮೂಢನಂಬಿಕೆ. 800 ಕಿ.ಮೀ.ಗೆ ಎಂಜಿನ್ ಸವೆಯುತ್ತಾ?

ಪುಸ್ತಕದ ಹುಳ
ಎಂಜಿನ್ ಸವೆಯುವುದಿಲ್ಲ, ಬೆಲೆ ಸವೆಯುತ್ತದೆ. 2012ರಲ್ಲಿ ಬಂದ ಒಂದು ಅಮೆರಿಕದ ಅಧ್ಯಯನ ಸೆಕೆಂಡ್ ಹ್ಯಾಂಡ್ ಕಾರುಗಳ 2 ಕೋಟಿ 20 ಲಕ್ಷ ಸಗಟು ವ್ಯಾಪಾರ ನೋಡಿತ್ತು. ಮೀಟರ್ ಪ್ರತಿ 10,000 ಮೈಲಿ ದಾಟುವಲ್ಲಿ ಬೆಲೆ ಒಮ್ಮೆಲೇ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಿತ್ತು. ಎಡಗಡೆಯ ಅಂಕಿ ಬದಲಾಗುವುದೇ ಕಾರಣ. ಕರಿ ಬಾನೆಟ್ ಹೇಳಿದ್ದು ಸರಿ.

ಕರಿ ಬಾನೆಟ್
ಕೇಳಿಸಿತಾ ವೈಪರ್?

ಮಳೆ ವೈಪರ್
ಅದು ಮೈಲಿ. ನಮ್ಮದು ಕಿಲೋಮೀಟರ್. 😐

ಪಂಕ್ಚರ್ ಪ್ರವೀಣ
ಬೇಕಾದರೆ ಮೀಟರ್ ಹಿಂದಕ್ಕೆ ತಿರುಗಿಸಿಬಿಡಿ ಅಂತ ನಮ್ಮ ಪಕ್ಕದ ಮನೆಯವರು ಸಲಹೆ ಕೊಟ್ಟಿದ್ದರು ನನಗೆ. ಸರ್ವಿಸ್ ಬಿಲ್ಲಿನಲ್ಲಿ ಕಿ.ಮೀ. ಬರೆದಿರುತ್ತಾರೆ ಅನ್ನುವುದು ಆ ಮಹಾಶಯರಿಗೆ ಹೊಳೆದಿರಲಿಲ್ಲ.

ಹಳೇ ಮೆಕ್ಯಾನಿಕ್
ಬಿಲ್ ಬೇಡ, ಬ್ರೇಕ್ ಪೆಡಲಿನ ರಬ್ಬರ್ ನೋಡಿದರೆ ಸಾಕು. 40 ಸಾವಿರ ಅಂತ ಮೀಟರ್ ಹೇಳುತ್ತಿರುತ್ತದೆ, ಪೆಡಲ್ ನುಣ್ಣಗೆ ಹೊಳೆಯುತ್ತಿರುತ್ತದೆ. ಮೀಟರ್ ತಿರುಗಿಸುವುದು ಅಪರಾಧ ಕೂಡ, ಮಾಡಬೇಡಿ.

ನೀಲಿ ಹ್ಯಾಚ್‌ಬ್ಯಾಕ್
ಕಾರಿನ ತೊಂದರೆ ನಾವೇ ಹೇಳಬೇಕಾ, ಅವರು ಕಂಡುಹಿಡಿಯಲಿ ಅಂತ ಸುಮ್ಮನಿರಬೇಕಾ? ನನ್ನ ಕಾರಿನಲ್ಲಿ ಬೆಳಿಗ್ಗೆ ಮೊದಲ ಸಲ ಹಾಕುವಾಗ ಕ್ಲಚ್ ಒಂದು ಸದ್ದು ಮಾಡುತ್ತದೆ. ಮಧ್ಯಾಹ್ನ ಇರುವುದಿಲ್ಲ.

ಸ್ಟೆಪ್ನಿ
ಮಧ್ಯಾಹ್ನ ಹೋಗಿ.

ಪುಸ್ತಕದ ಹುಳ
ಸ್ಟೆಪ್ನಿ ಹೇಳಿದ್ದೇ ಎಲ್ಲರೂ ಮಾಡುವುದರಿಂದ ಎಲ್ಲರ ಕಾರಿಗೂ ಬೆಲೆ ಇಳಿಯುತ್ತದೆ! ಇದನ್ನೇ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಬರೆದದ್ದು. ಮಾರುವವನಿಗೆ ಕಾರಿನ ಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲವನ್ನೂ ಅರ್ಧ ಕೆಟ್ಟದ್ದು ಅಂತಲೇ ಲೆಕ್ಕ ಹಾಕುತ್ತಾನೆ. ಆ ಬೆಲೆಗೆ ಒಳ್ಳೇ ಕಾರು ಇರುವವರು ಮಾರುವುದೇ ಇಲ್ಲ, ಕೆಟ್ಟವೇ ಸಂತೆಗೆ ಬರುತ್ತವೆ. ಆ ಲೇಖನವನ್ನು ಮೂರು ಪತ್ರಿಕೆಗಳು ವಾಪಸ್ ಕಳಿಸಿದ್ದವು. 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು.

ಟ್ಯಾಂಕ್ ಫುಲ್
ನಾವು ಯಾವಾಗಲೂ ಕಾರು ಮಾರುವ ವ್ಯಾಪಾರಿಯೇ ಗುಟ್ಟು ಮುಚ್ಚಿಡುವವನು ಅಂತ ಬೈಯುತ್ತೇವೆ. ಎಕ್ಸ್‌ಚೇಂಜ್‌ನಲ್ಲಿ ಗುಟ್ಟು ಇರುವುದು ನಮ್ಮ ಹತ್ತಿರ. ಅವರು ಅನುಮಾನ ಪಡುವುದರಲ್ಲಿ ತಪ್ಪೇನು ಅಂತ ಒಂದು ಕ್ಷಣ ಅನ್ನಿಸಿತು. ಒಂದೇ ಕ್ಷಣ.

ಹಳೇ ಮೆಕ್ಯಾನಿಕ್
ನೀಲಿ ಅವರೇ, ಕೇಳಿದರೆ ಸುಳ್ಳು ಹೇಳಬೇಡಿ. ಆಕ್ಸಿಡೆಂಟ್ ಆಗಿದ್ದು, ನೀರು ನುಗ್ಗಿದ್ದು ಇದ್ದರೆ ಕೇಳದಿದ್ದರೂ ಹೇಳಿ, ಬರೆದು ಸಹಿ ಹಾಕಿದ ಕಾಗದ ಆಮೇಲೆ ಕುತ್ತಿಗೆಗೆ ಬರುತ್ತದೆ. ಕ್ಲಚ್ ಸದ್ದು ನೀವು ಹೇಳಬೇಕಾಗಿಲ್ಲ. ಒಂದು ಸುತ್ತು ಓಡಿಸಿದರೆ ನಮ್ಮ ಎಡಗಾಲಿಗೇ ಗೊತ್ತಾಗುತ್ತದೆ.

ಬ್ಯಾಟರಿ ಅಣ್ಣ
ಎಲೆಕ್ಟ್ರಿಕ್ ಕಾರು ಇದ್ದವರು ಈ ಕಡೆ ಬನ್ನಿ. ನಮ್ಮಲ್ಲಿ ಕ್ಲಚ್ಚೂ ಇಲ್ಲ, ಎಂಜಿನ್ ಸದ್ದೂ ಇಲ್ಲ. ಅವರಿಗೆ ಹೆಬ್ಬೆರಳು ಆಡಿಸಲು ಏನೂ ಸಿಗದೆ ಬ್ಯಾಟರಿ ಅಂತ ಒಂದೇ ಪದ ಹಿಡಿದುಕೊಂಡು ಕೂರುತ್ತಾರೆ. ಬ್ಯಾಟರಿ ಎಷ್ಟು ಆರೋಗ್ಯವಾಗಿದೆ ಅನ್ನುವ ಪರೀಕ್ಷೆಯ ಕಾಗದ ಮೊದಲೇ ಮಾಡಿಸಿ ಇಟ್ಟುಕೊಳ್ಳಿ. ಬ್ಯಾಟರಿ ವಾರಂಟಿ ಎಷ್ಟು ವರ್ಷ ಉಳಿದಿದೆ, ಹೊಸ ಮಾಲೀಕರಿಗೂ ಅನ್ವಯಿಸುತ್ತದಾ ಅಂತ ಓದಿಕೊಳ್ಳಿ.

ಸ್ಟೆಪ್ನಿ
ಬ್ಯಾಟರಿ ಅಣ್ಣ ಪ್ರತಿ ಚರ್ಚೆಗೂ ಬಂದು ಎಲೆಕ್ಟ್ರಿಕ್ ತರುತ್ತಾರೆ. ಸ್ವಾಗತ.

ದೂಳಿನ ಗಾಜು
ನನ್ನ ಕಥೆ ಕೇಳಿ, ಯಾರಿಗೂ ಬರಬಾರದು. ಹಳೇ ಕಾರಿನ ಮೇಲೆ ಲೋನ್ ಇನ್ನೂ ಬಾಕಿ ಇತ್ತು. ಹೊಸ ಕಾರು 100 ಅಂದರೆ ಹಳೇದಕ್ಕೆ ಬಂದದ್ದು 30, ಬಾಕಿ ಇದ್ದದ್ದು 38. "ತೊಂದರೆ ಇಲ್ಲ, ಆ 8 ಹೊಸ ಲೋನಿಗೆ ಸೇರಿಸಿಬಿಡೋಣ" ಅಂದರು. ನನಗೆ ಆವಾಗ ಅದು ಉಪಕಾರ ಅಂತ ಕಂಡಿತು. ನನ್ನ ಹತ್ತಿರ ಇಲ್ಲದ ಕಾರಿಗೆ ಐದು ವರ್ಷ ಬಡ್ಡಿ ಕಟ್ಟಿದೆ. ಹೊಸ ಕಾರು ಶೋರೂಂ ಬಿಟ್ಟ ದಿನವೇ ಬೆಲೆ ಕಳೆದುಕೊಳ್ಳುತ್ತದೆ, ಆದ್ದರಿಂದ ಮತ್ತೆ ಬದಲಿಸೋಣ ಅಂದರೂ ಆಗಲಿಲ್ಲ. ಬಾಕಿ ಬೆಲೆಗಿಂತ ಜಾಸ್ತಿ ಇದ್ದರೆ ಹಳೇದನ್ನೇ ಇನ್ನೊಂದು ವರ್ಷ ಓಡಿಸಿ. ಅವಮಾನ ಏನಿಲ್ಲ.

ಅರ್ಧ ಕ್ಲಚ್
ಇದನ್ನು ಮೇಲೆ ಇಡಬೇಕು. ಡೆಂಟ್, ಟೈರ್ ಎಲ್ಲ ಇದರ ಮುಂದೆ ಪುಡಿಗಾಸು.

ಟ್ಯಾಂಕ್ ಫುಲ್
2021ರಲ್ಲಿ ಚಿಪ್ ಕೊರತೆ ಆಗಿ ಹೊಸ ಕಾರು ಸಿಗದೆ ಹಳೇವಕ್ಕೆ ಚಿನ್ನದ ಬೆಲೆ ಬಂದಿತ್ತಲ್ಲ, ಆವಾಗ ಶೋರೂಂನವರೇ ಫೋನ್ ಮಾಡಿ "ನಿಮ್ಮ ಕಾರು ಕೊಡುತ್ತೀರಾ" ಅಂತ ಕೇಳುತ್ತಿದ್ದರು. ನಾನು "ಇನ್ನೂ ಏರಲಿ" ಅಂತ ಕಾದೆ. ಕಾದೆ. ಇನ್ನೂ ಓಡಿಸುತ್ತಿದ್ದೇನೆ.

ಎರಡನೇ ಗೇರು
ಎಲ್ಲರಿಗೂ ಥ್ಯಾಂಕ್ಸ್. ಈ ವಾರ ನಡೆದದ್ದು ಹೇಳುತ್ತೇನೆ.

ಕಾರು ತೊಳೆಸಿದೆ. ಎರಡನೇ ಕೀಲಿ ಸಿಕ್ಕಿತು, ದಿಂಬಿನ ಕವರ್ ಒಳಗಿತ್ತು, ಹೇಗೆ ಹೋಯಿತೋ ದೇವರಿಗೇ ಗೊತ್ತು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರ ಹತ್ತಿರ ಹೋಗಿ ತೋರಿಸಿದೆ. ಅವರು 27 ಅಂತ ಬರೆದು ಕೊಟ್ಟರು. ಏಳು ದಿನ ಮಾತ್ರ ನಡೆಯುತ್ತದೆ ಅಂದರು.

ಆ ಕಾಗದ ಹಿಡಿದು ಮೊದಲನೇ ಶೋರೂಂಗೆ ಹೋದೆ. "ಹಳೇದು ಹೊರಗೆ ಕೊಡುತ್ತೇನೆ, ಹೊಸದು ಮಾತ್ರ ಕೊಡಿ" ಅಂದೆ. ಆವಾಗ ಗೊತ್ತಾಯಿತು, ಆ 6 ರಿಯಾಯಿತಿಯಲ್ಲಿ 2 ಎಕ್ಸ್‌ಚೇಂಜ್ ಬೋನಸ್ ಅಂತೆ. ಹಳೇದು ಅವರಿಗೆ ಕೊಡದಿದ್ದರೆ 4 ಮಾತ್ರ. ಅಂದರೆ 96ರಲ್ಲಿ 27 ಕಳೆದರೆ 69. ಮೊದಲಿನ 72ಕ್ಕಿಂತ 3 ಕಮ್ಮಿಯೇ.

ಹಾಗಂತ ಹೇಳಿ ಸುಮ್ಮನೆ ಕೂತೆ. ನಾಲಿಗೆ ಒಣಗಿದ್ದಕ್ಕೆ ಸುಮ್ಮನೆ ಕೂತದ್ದು, ಜಾಣತನಕ್ಕಲ್ಲ. ಅವರಿಗೆ ಅದು ಜಾಣತನದ ಹಾಗೆ ಕಂಡಿರಬೇಕು. ಮ್ಯಾನೇಜರ್ ಹತ್ತಿರ ಹೋಗಿ ಇಪ್ಪತ್ತು ನಿಮಿಷ ಬರಲಿಲ್ಲ. ನಾನು ಒಳಗೆ ಸುಮ್ಮನೆ ಕೂತಿದ್ದಾರೆ ಅಂದುಕೊಂಡು ನಗುತ್ತಾ ಕೂತಿದ್ದೆ. ಬಂದು 24 ಅಂದರು. ಏಳಲು ಹೊರಟೆ. 24.5 ಅಂದರು. 94ರಲ್ಲಿ 24.5 ಹೋದರೆ 69.5. ಒಪ್ಪಿದೆ.

ಕರಿ ಬಾನೆಟ್
ಅಯ್ಯೋ ಅರ್ಧ ಯಾಕೆ ಬಿಟ್ಟಿರಿ! ಹೊರಗೆ ಕೊಟ್ಟಿದ್ದರೆ 69.

ಎರಡನೇ ಗೇರು
ಹೊರಗೆ ಕೊಟ್ಟರೆ ದುಡ್ಡು ಬರುವವರೆಗೆ ಕಾಯಬೇಕು, ಹೆಸರು ಬದಲಾವಣೆ ಆಗುವವರೆಗೆ ನಿದ್ದೆ ಇಲ್ಲ, ಹೊಸದು ಬರುವವರೆಗೆ ಬಸ್ಸು. ಅರ್ಧಕ್ಕೆ ಅದೆಲ್ಲ ಹೋಗಲಿ ಅನ್ನಿಸಿತು.

ಮಳೆ ವೈಪರ್
ಸರಿಯಾಗೇ ಮಾಡಿದ್ದೀರಿ. ಕೊನೆಗೆ ಒಟ್ಟು ಅಂಕಿಯನ್ನೇ ನೋಡಿದಿರಿ ಅನ್ನುವುದನ್ನು ಎಲ್ಲರೂ ಗಮನಿಸಿ.

ಕರಿ ಬಾನೆಟ್
ಹೊಸದು, ಹಳೇದು ಬೇರೆ ಮಾಡಿ ಕೇಳಿದ್ದಕ್ಕೇ ಬೋನಸ್ ಗುಟ್ಟು ಹೊರಬಂತು ಅನ್ನುವುದನ್ನೂ ಗಮನಿಸಿ.

ಹಳೇ ಮೆಕ್ಯಾನಿಕ್
24.5 ಬರೆದು ಕೊಟ್ಟಿದ್ದಾರಾ? ಡೆಲಿವರಿ ದಿನ ಮತ್ತೆ ಕಾರು ನೋಡಿ "ಆವಾಗ ಈ ಗೀರು ಇರಲಿಲ್ಲ" ಅಂತ 2 ಕಡಿಯುತ್ತಾರೆ. ಹೊಸ ಕಾರಿಗೆ ಪೂರ್ತಿ ಮನಸ್ಸು ಕೊಟ್ಟಿರುತ್ತೀರಿ, ಮನೆಯವರೆಲ್ಲ ಬಂದಿರುತ್ತಾರೆ, ಯಾರೂ ಜಗಳ ಆಡುವುದಿಲ್ಲ ಅಂತ ಅವರಿಗೆ ಗೊತ್ತು. ಎಷ್ಟು ದಿನದ ಒಳಗೆ, ಎಷ್ಟು ಕಿ.ಮೀ. ಒಳಗೆ ಈ ಬೆಲೆ ನಡೆಯುತ್ತದೆ ಅಂತ ಬರೆಸಿ. ಸುತ್ತ ವಿಡಿಯೋ ತೆಗೆದು ಇಟ್ಟುಕೊಳ್ಳಿ. ಹೆಸರು ಬದಲಾದ ಕಾಗದ ಕೈಗೆ ಬರುವವರೆಗೆ ಬಿಡಬೇಡಿ.

ಎರಡನೇ ಗೇರು
ಬರೆಸಿದ್ದೇನೆ. 15 ದಿನ, 500 ಕಿ.ಮೀ. ಅಂತ.

ನೀಲಿ ಹ್ಯಾಚ್‌ಬ್ಯಾಕ್
ಕೊಡುವ ಮುಂಚೆ ಬ್ಲೂಟೂತ್‌ನಲ್ಲಿ ಉಳಿದ ನಿಮ್ಮ ಫೋನ್ ನಂಬರ್‌ಗಳು, ಮ್ಯಾಪಿನಲ್ಲಿ "ಮನೆ" ಅಂತ ಇರುವ ವಿಳಾಸ ಅಳಿಸಿ. ಯಾರೂ ನೆನಪಿಡುವುದಿಲ್ಲ.

ಎರಡನೇ ಗೇರು
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಹೊಸ ಕಾರು ಬಂತು. ಡೆಲಿವರಿ ದಿನ ನಿಜವಾಗಿಯೂ ಒಬ್ಬರು ಬಂದು ಬಾಗಿಲು ಎರಡು ಸಲ ಹಾಕಿದರು. ಕಾಗದ ತೋರಿಸಿದೆ. ಹೋದರು.

ನಿನ್ನೆ ಆ ಕಡೆ ಹೋಗುವಾಗ ನನ್ನ ಹಳೇ ಕಾರು ಅವರ ಅಂಗಳದಲ್ಲಿ ನಿಂತಿತ್ತು. ಇಳಿದು ನೋಡಿದೆ. ನನ್ನ ಅದೇ ಲೆಕ್ಕದಲ್ಲಿ 33 ಅಂತ ಚೀಟಿ ಹಚ್ಚಿದ್ದಾರೆ. ಹೊಳೆಯುತ್ತಿತ್ತು. ಹತ್ತಿರ ಹೋಗಿ ಬಂಪರ್ ಪಕ್ಕ ನೋಡಿದೆ. ಡೆಂಟ್ ಹಾಗೇ ಇದೆ! ಹೆಬ್ಬೆರಳು ಆಡಿಸಿ ನಾನೂ "ತ್ಚು" ಅಂದೆ.

ಸ್ಟೆಪ್ನಿ
😂😂 28 ಕೊಡುತ್ತೇನೆ ಅನ್ನಬೇಕಿತ್ತು.

ಹಳೇ ಮೆಕ್ಯಾನಿಕ್
33 ಕೇಳುತ್ತಾರೆ, ಅಷ್ಟಕ್ಕೆ ಹೋಗುವುದಿಲ್ಲ. 30ಕ್ಕೆ ಹೋದರೆ ಖರ್ಚು ಕಳೆದು 2, 3 ಉಳಿಯಬಹುದು. ಹೊಟ್ಟೆ ಉರಿಸಿಕೊಳ್ಳಬೇಡಿ.

ಎರಡನೇ ಗೇರು
ಉರಿ ಏನಿಲ್ಲ. ಆದರೆ ಕಿಟಕಿಯಲ್ಲಿ ಇಣುಕಿ ನೋಡಿದಾಗ ಕಂಡಿತು, ನನ್ನ ಒಳ್ಳೇ ರಬ್ಬರ್ ಮ್ಯಾಟ್ ನಾಲ್ಕೂ ಅದರಲ್ಲೇ ಬಿಟ್ಟು ಬಂದಿದ್ದೇನೆ. ಹೋಗಿ ಕೇಳಬಹುದಾ, ಚೆನ್ನಾಗಿರುತ್ತಾ?

ಅರ್ಧ ಕ್ಲಚ್
ಕೇಳಿ. ಹೊಸದಕ್ಕೆ ಕೂರದಿದ್ದರೆ ನನ್ನ ಅಟ್ಟದಲ್ಲಿ ಸ್ಟೀರಿಯೋ ಪಕ್ಕ ಜಾಗ ಇದೆ.